ಅಣ್ಣನ ಮನೆಯ ತಾಡಪಾಲು ಮತ್ತು ನನ್ನ ಸಿಬಿಲ್ ಸ್ಕೋರ್

ನಮ್ಮಲ್ಲಿ ‘ಸೆಟ್ಲ್’ ಅನ್ನುವ ಮಾತು ಒಳ್ಳೆಯ ಸುದ್ದಿಗೇ ಬರುತ್ತದೆ. ಮಗ ಬೆಂಗಳೂರಿನಲ್ಲಿ ಸೆಟ್ಲ್ ಆದ ಅಂದರೆ ತಾಯಿಗೆ ನೆಮ್ಮದಿ. ಬೇಲಿ ತಕರಾರು ಸೆಟ್ಲ್ ಆಯ್ತು ಅಂದರೆ ಎರಡೂ ಮನೆಯವರು ಮತ್ತೆ ಮಾತಾಡುತ್ತಾರೆ. ಹಾಗಾಗಿ 2022ರ ಮಾರ್ಚ್‌ನಲ್ಲಿ ನನ್ನ ಸಾಲ ಸೆಟ್ಲ್ ಆದ ದಿನ ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚಿದ್ದೆ. ಫೈನಾನ್ಸ್ ಕಂಪನಿ ಕೊಟ್ಟ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಗಳ ಮಾರ್ಕ್ಸ್ ಕಾರ್ಡುಗಳ ಜೊತೆ ಕಪಾಟಿನಲ್ಲಿ ಜೋಪಾನ ಮಾಡಿದ್ದೆ. ಅವತ್ತು ರಾತ್ರಿ ಎಷ್ಟೋ ತಿಂಗಳ ನಂತರ ಫೋನನ್ನು ಸೈಲೆಂಟ್ ಮಾಡದೆ ಮಲಗಿದ್ದೆ.

2023ರ ಆಗಸ್ಟ್‌ನಲ್ಲಿ ಅದೇ ಕವರ್ ಹಿಡಿದುಕೊಂಡು ಕುಮಟಾದ ಒಂದು ಬ್ಯಾಂಕಿಗೆ ಹೋದೆ. ಮಗಳಿಗೆ ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಶಿಕ್ಷಣ ಸಾಲಕ್ಕೆ ತಂದೆ ಅಥವಾ ತಾಯಿ ಜೊತೆಗೆ ಸೈನ್ ಹಾಕಬೇಕು. ಮನೆಯ ವ್ಯವಹಾರ ನೋಡುವವಳು ನಾನೇ. ಹಾಗಾಗಿ ನನ್ನ ಹೆಸರನ್ನೇ ಬರೆದಿದ್ದೆವು. ಹೊರಗೆ ಜೋರು ಮಳೆ. ಕೌಂಟರಿನ ಹಿಂದೆ ಇದ್ದ ಆಫೀಸರ್ ಇನ್ನೂ ಸಣ್ಣ ಹುಡುಗಿ, ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳಿರಬಹುದು. ಪಾನ್ ನಂಬರ್ ಹಾಕಿದಳು. ಪರದೆಯ ಮೇಲೆ ನನ್ನ ಸಿಬಿಲ್ ವರದಿ ಬಂತು: ಸಾಲ ತೆಗೆದು ಹೇಗೆ ತೀರಿಸಿದೆ ಅನ್ನುವ ಚರಿತ್ರೆ, ಅದಕ್ಕೆ ಕೊಡುವ ಒಂದು ಅಂಕ. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅಕ್ಕಪಕ್ಕದವರಿಗೆ ಕೇಳದ ಹಾಗೆ ದನಿ ತಗ್ಗಿಸಿ ಹೇಳಿದಳು: “ಮೇಡಂ, ನಿಮ್ಮ ಸ್ಕೋರ್ 558 ಇದೆ. ಒಂದು ಅಕೌಂಟ್ ಸೆಟ್ಲ್ಡ್ ಅಂತ ತೋರಿಸ್ತದೆ.”

“ಹೌದು, ಸೆಟ್ಲ್ ಮಾಡಿದ್ದೇನೆ,” ಅಂದೆ. ಕವರಿನಿಂದ ಪತ್ರ ತೆಗೆದು ಮುಂದೆ ಇಟ್ಟೆ.

ಅವಳು ಅದನ್ನು ಪೂರ್ತಿ ಓದಿದಳು. ಹಾಗೆ ಓದಿದ್ದಕ್ಕೆ ಇವತ್ತಿಗೂ ಅವಳ ಬಗ್ಗೆ ನನಗೆ ಗೌರವ ಇದೆ. “ಮೇಡಂ, ಪೂರ್ತಿ ಕಟ್ಟಿದ್ರೆ ಕ್ಲೋಸ್ಡ್ ಅಂತ ಬರ್ತದೆ. ಸೆಟ್ಲ್ಡ್ ಅಂದ್ರೆ ಪೂರ್ತಿ ಬರ್ಲಿಲ್ಲ, ಕೊಟ್ಟಷ್ಟು ತಗೊಂಡು ಬಿಟ್ರು ಅಂತ. ಇದು ಇರೋ ತನಕ ನಿಮ್ಮ ಹೆಸರಲ್ಲಿ ಕಷ್ಟ.” ಪತ್ರವನ್ನು ನೀಟಾಗಿ ಮಡಚಿ ವಾಪಸ್ ಕೊಟ್ಟಳು. ನಾನು ಅದನ್ನು ಕವರಿಗೆ ಹಾಕಲು ಹೋದೆ. ಕೈ ನಡುಗಿ ಹೋಗಲೇ ಇಲ್ಲ. ಮಗಳು ತೆಗೆದುಕೊಂಡು ಹಾಕಿದಳು.

ಮಗಳ ಸಾಲ ನಿಲ್ಲಲಿಲ್ಲ. ಆ ಹುಡುಗಿಯೇ ದಾರಿ ಹೇಳಿದಳು. ನಮ್ಮ ಮನೆಯವರು ಹಾರ್ಡ್‌ವೇರ್ ಅಂಗಡಿಯಲ್ಲಿ ಸಂಬಳಕ್ಕಿದ್ದಾರೆ, ಅವರ ಹೆಸರಲ್ಲಿ ಜನ್ಮದಲ್ಲಿ ಒಂದು ಸಾಲ ಇಲ್ಲ. ಅಂಥವರ ವರದಿಯಲ್ಲಿ ಸ್ಕೋರೇ ಇರುವುದಿಲ್ಲ, ಚರಿತ್ರೆ ಇಲ್ಲ ಎಂದು ಮಾತ್ರ ಬರುತ್ತದೆ. ಅವರು ಸೈನ್ ಹಾಕಿ, ಒಂದು ತಿಂಗಳು ಓಡಾಡಿ, ಸಾಲ ಸಿಕ್ಕಿತು. ಕಡಿಮೆ ಸಿಬಿಲ್ ಸ್ಕೋರ್ ಒಂದೇ ಕಾರಣಕ್ಕೆ ವಿದ್ಯಾರ್ಥಿಯ ಶಿಕ್ಷಣ ಸಾಲವನ್ನು ತಳ್ಳಿಹಾಕಬಾರದು ಎಂದು ಕೇರಳ ಹೈಕೋರ್ಟ್ ಅದೇ 2023ರಲ್ಲಿ ಹೇಳಿತ್ತು ಎಂದು ಆಮೇಲೆ ತಿಳಿಯಿತು. ಓದುವ ಮಕ್ಕಳು ಮುಂದೆ ದುಡಿದು ತೀರಿಸುವ ಸಾಲ ಅದು. ಅದನ್ನು ಅಪ್ಪ ಅಮ್ಮನ ಹಳೆಯ ಸಾಲದಿಂದ ಅಳೆಯುವುದು ನನಗೂ ಸರಿ ಕಾಣುವುದಿಲ್ಲ.

ಆದರೆ ಆ 558 ನನ್ನನ್ನು ಬಿಡಲಿಲ್ಲ. ಮಿಷನ್ ಮೇಲೆ ಕೂತಾಗಲೂ ಅದೇ, ಅನ್ನ ಬಸಿಯುವಾಗಲೂ ಅದೇ. ನಾನು ಮೋಸ ಮಾಡಿದವಳಲ್ಲ. ಅವಲಕ್ಕಿ ಸರ, ಎರಡು ಬಳೆ ಮಾರಿ 2,25,000 ರೂಪಾಯಿ ಒಂದೇ ಸಲಕ್ಕೆ ಕಟ್ಟಿದವಳು. ಅದು ಆ ವರದಿಯಲ್ಲಿ ಯಾಕೆ ಕಾಣುವುದಿಲ್ಲ?

ನೀಲಿ ಚೌಕಳಿ ಬಟ್ಟೆ

ನನ್ನದು ಹೊಲಿಗೆ ಕೆಲಸ. ಬ್ಲೌಸು, ಚೂಡಿದಾರ ವರ್ಷವಿಡೀ ಬರುತ್ತವೆ. ಆದರೆ ಕೈಗೆ ದುಡ್ಡು ಅನ್ನುವ ಹಾಗೆ ಸಿಗುವುದು ಶಾಲೆ ಯೂನಿಫಾರ್ಮಿನಲ್ಲಿ. 2019ರಲ್ಲಿ ಎರಡು ಶಾಲೆಗಳ ಆರ್ಡರ್ ಗಟ್ಟಿಯಾಯಿತು. ಎರಡು ಪವರ್ ಮಿಷನ್, ಒಂದು ಓವರ್‌ಲಾಕ್, ಮೇಲೆ ಬಟ್ಟೆ. ಒಂದು ಖಾಸಗಿ ಫೈನಾನ್ಸ್ ಕಂಪನಿಯಿಂದ 3,50,000 ಸಾಲ ತೆಗೆದೆ. ಶೇಕಡಾ 18 ಬಡ್ಡಿ, 48 ಕಂತು, ತಿಂಗಳಿಗೆ 10,281 ರೂಪಾಯಿ. ಆ ಸಂಖ್ಯೆ ನನಗೆ ನನ್ನ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿದೆ. ಜಾಮೀನಿಗೆ ಶಿರಸಿ ಕಡೆಯಿಂದ ಅಣ್ಣ ಬಂದು ಸೈನ್ ಹಾಕಿದ. ಊಟ ಮಾಡಿಕೊಂಡು ಸಂಜೆ ಬಸ್ಸಿಗೆ ಹೋದ. ಕಾಗದದಲ್ಲಿ ಏನಿದೆ ಅಂತ ಅವನೂ ಓದಲಿಲ್ಲ, ನಾನೂ ಓದಲಿಲ್ಲ.

ಎಂಟು ಕಂತು ಒಂದು ದಿನ ತಪ್ಪದೆ ಹೋಯಿತು. 2020ರ ಫೆಬ್ರವರಿಯಲ್ಲಿ ಜೂನ್ ತಿಂಗಳ ಯೂನಿಫಾರ್ಮಿಗೆ ಬಟ್ಟೆ ತರಿಸಿದೆ. ನೀಲಿ ಚೌಕಳಿಯ ಥಾನುಗಳು ಜಗಲಿಯ ಒಂದು ಮೂಲೆ ತುಂಬಿ ನಿಂತವು. ಮಾರ್ಚ್ ಕೊನೆಗೆ ಲಾಕ್‌ಡೌನ್. ಮುಂದಿನದು ಎಲ್ಲರಿಗೂ ಗೊತ್ತು. ರಾಜ್ಯದಲ್ಲಿ ಒಂದರಿಂದ ಐದನೇ ತರಗತಿ ಮಕ್ಕಳು ಶಾಲೆಗೆ ವಾಪಸ್ ಬಂದದ್ದು 2021ರ ಅಕ್ಟೋಬರ್ ಕೊನೆಗೆ. ಅಲ್ಲಿಯ ತನಕ ಆ ಬಟ್ಟೆ ಅಲ್ಲೇ ಇತ್ತು. ಮಳೆಗಾಲದಲ್ಲಿ ಬೂಸು ಹಿಡಿಯದಿರಲಿ ಅಂತ ವಾರಕ್ಕೊಮ್ಮೆ ಬಿಚ್ಚಿ ಬಿಸಿಲು ಕಾಣಿಸುತ್ತಿದ್ದೆ. 2022ರಲ್ಲಿ ಒಂದು ಶಾಲೆಯವರು ಯೂನಿಫಾರ್ಮಿನ ಬಣ್ಣವನ್ನೇ ಬದಲಾಯಿಸಿದರು.

ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್ ತನಕ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು. ಆರು ತಿಂಗಳು ಮಾಫಿ ಅಂದುಕೊಂಡೆವು. ಕಂತು ಮಾತ್ರ ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಹೇಗೋ ಕಟ್ಟಿದೆ. ನವೆಂಬರಿಗೆ ಬೌನ್ಸ್ ಆಯಿತು. ಅಲ್ಲಿಂದ ನಿಂತೇ ಹೋಯಿತು. 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗುತ್ತದೆ ಅನ್ನುವುದು ಗೊತ್ತಾಗಿದ್ದು, ಆದ ಮೇಲೆ.

ಆಮೇಲೆ ಫೋನು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತೂವರೆಗೆ. ಬಾಯಿಗೆ ಬಂದ ಮಾತು. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಖಡಾಖಂಡಿತವಾಗಿ ಹೇಳಿತು. ಅಷ್ಟು ಹೊತ್ತಿಗೆ ನನ್ನದು ಮುಗಿದಿತ್ತು. ಇದನ್ನು ಓದುವವರಲ್ಲಿ ಯಾರಿಗಾದರೂ ಈಗ ಅಂಥ ಫೋನ್ ಬರುತ್ತಿದ್ದರೆ, ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ. ಹೊತ್ತು, ನಂಬರ್ ಬರೆದಿಡಿ. ಮೊದಲು ಆ ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಸರಿ ಉತ್ತರ ಬರದಿದ್ದರೆ ದೂರು ಕೇಳಲೆಂದೇ ರಿಸರ್ವ್ ಬ್ಯಾಂಕಿನ ಅಧಿಕಾರಿ, ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿಗೆ ದೂರು ಕೊಡಲು ದುಡ್ಡು ಬೇಡ.

ಫೋನಿನ ಹೆದರಿಕೆಗೇ ನಾನು ಸೆಟ್ಲ್‌ಮೆಂಟಿಗೆ ಒಪ್ಪಿದ್ದು. ಬಡ್ಡಿ, ದಂಡ ಎಲ್ಲ ಸೇರಿ 4,13,000 ಆಗಿತ್ತು. 2,25,000 ಕೊಟ್ಟರೆ ಮುಗಿಸುತ್ತೇವೆ ಅಂದರು. ನಾನು ಕೇಳಬೇಕಾಗಿದ್ದ ಒಂದೇ ಪ್ರಶ್ನೆ, ಸಿಬಿಲ್‌ಗೆ ಏನಂತ ಬರೆದು ಕಳಿಸುತ್ತೀರಿ ಅನ್ನುವುದು. ಅದನ್ನು ಕೇಳಬೇಕು ಅಂತಲೇ ನನಗೆ ಗೊತ್ತಿರಲಿಲ್ಲ.

ಕಂತು ಹನ್ನೆರಡು ತಿಂಗಳು, ದುಡಿಮೆ ಎಷ್ಟು ತಿಂಗಳು?

ಇದರ ಬಗ್ಗೆ ನಾನು ತುಂಬಾ ಯೋಚನೆ ಮಾಡಿದ್ದೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ತಿಂಗಳು ತಿಂಗಳು ಒಂದೇ ಸಮ ದುಡ್ಡು ನೋಡುವವರು ಎಷ್ಟು ಜನ? ಕೈಗಾ ಅಣು ವಿದ್ಯುತ್ ಸ್ಥಾವರ, ಸೀಬರ್ಡ್ ನೌಕಾನೆಲೆ, ಸರಕಾರಿ ನೌಕರಿ ಬಿಟ್ಟರೆ ಉಳಿದವರದ್ದೆಲ್ಲ ಕಾಲಕ್ಕೆ ತಕ್ಕ ದುಡಿಮೆ. ಬೈತಖೋಲದ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಗೋಕರ್ಣದ ಹೋಮ್‌ಸ್ಟೇಯವರಿಗೆ ಮಳೆಗಾಲವಿಡೀ ಖಾಲಿ ಕೋಣೆ. ಘಟ್ಟದ ಮೇಲೆ ಅಡಿಕೆಯವರಿಗೆ ದುಡ್ಡು ಬರುವುದು ಕೊಯ್ಲಾಗಿ, ಸುಲಿದು, ಒಣಗಿಸಿ, ಶಿರಸಿಯಲ್ಲಿ ವ್ಯಾಪಾರ ಆದ ಮೇಲೆ. ನನಗೆ ಮೇ, ಜೂನ್, ಜುಲೈ. ಆದರೆ ಕಂತು ಐದನೇ ತಾರೀಖಿಗೆ ಬರುತ್ತದೆ. ಪ್ರತಿ ತಿಂಗಳು ಅಷ್ಟೇ.

ಹಿಂದೆ ಇದನ್ನು ಅಂಗಡಿಯವರು ತಿಳಿದುಕೊಂಡಿದ್ದರು. ನಮ್ಮ ಅಪ್ಪ ಸಾಮಾನಿಗೆ ವರ್ಷವಿಡೀ ಉದ್ರಿ ಬರೆಸುತ್ತಿದ್ದರು. ಅಡಿಕೆ ಮಾರಿದ ಮೇಲೆ ಒಟ್ಟಿಗೆ ಚುಕ್ತಾ. ಒಂದು ವರ್ಷ ಕೊಳೆರೋಗ ಬಂದು ಅರ್ಧ ಬೆಳೆ ಹೋದರೆ, ಅಂಗಡಿಯವರಿಗೆ ಅದು ಅಪ್ಪ ಹೇಳುವ ಮೊದಲೇ ಗೊತ್ತಿರುತ್ತಿತ್ತು. ಕಾರಣ ಅವರ ಕಣ್ಣ ಮುಂದೆಯೇ ಇತ್ತು. ಸಿಬಿಲ್ ವರದಿಯಲ್ಲಿ ಕಾರಣಕ್ಕೆ ಕಾಲಂ ಇಲ್ಲ. ಅಲ್ಲಿ ಇರುವುದು ಎಷ್ಟು ದಿನ ತಡ ಅನ್ನುವ ಸಂಖ್ಯೆ. ತಿಂಗಳಿಗೊಂದು ಚೌಕ, 36 ತಿಂಗಳ ತನಕ. ನನ್ನ ಚೌಕಗಳಲ್ಲಿ ಮೊದಲು ಸೊನ್ನೆಗಳಿದ್ದವು. ಆಮೇಲೆ 30, 61, 91, ಹಾಗೇ ಏರುತ್ತಾ ಹೋಗಿದೆ. ಕೊರೊನಾ ಅಂತ ಎಲ್ಲೂ ಇಲ್ಲ. ನೀಲಿ ಚೌಕಳಿ ಬಟ್ಟೆ ಅಂತ ಎಲ್ಲೂ ಇಲ್ಲ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜೀವಗಳೇ ಹೋದವು, ಹೆದ್ದಾರಿ ಎಷ್ಟೋ ದಿನ ಬಂದ್. ಆ ದಿನಗಳಲ್ಲಿ ಕಾರವಾರಕ್ಕೆ ಹೋಗಬೇಕಾಗಿದ್ದ ನನ್ನ ಎರಡು ಮೂಟೆ ಯೂನಿಫಾರ್ಮ್ ಇಲ್ಲೇ ಉಳಿದವು. ಅದು ದೊಡ್ಡ ನಷ್ಟವಲ್ಲ, ಅಲ್ಲಿ ಮನೆಯವರನ್ನೇ ಕಳೆದುಕೊಂಡವರ ಮುಂದೆ ಹೇಳುವ ಮಾತೂ ಅಲ್ಲ. ಆದರೆ ಆ ಹೆದ್ದಾರಿಯನ್ನೇ ನಂಬಿ ಟೆಂಪೋ ಓಡಿಸುವವರು, ಚಹಾ ಅಂಗಡಿ ಇಟ್ಟವರು ಎಷ್ಟು ಜನ. ಅವರ ವರದಿಯಲ್ಲಿ ಆ ತಿಂಗಳ ಚೌಕ ಹೇಗಿರಬಹುದು ಅಂತ ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದೇ. ಯೂನಿಫಾರ್ಮ್ ದುಡ್ಡು ಬಂದ ಕೂಡಲೇ ಮೂರು ಕಂತಿನಷ್ಟು ತೆಗೆದು ಬೇರೆ ಖಾತೆಯಲ್ಲಿ ಹಾಕುತ್ತೇನೆ. ಅದಕ್ಕೆ ಎಟಿಎಂ ಕಾರ್ಡ್ ತಗೊಂಡೇ ಇಲ್ಲ. ಕಂತು ಅಲ್ಲಿಂದಲೇ ಆಟೋ ಡೆಬಿಟ್. ಸಾಲ ಕೇಳುವಾಗಲೇ ಕಂತಿನ ತಾರೀಖು ನಮಗೆ ಅನುಕೂಲದ್ದು ಇಡಲು ಕೇಳಬಹುದು. ಕೆಲವರು ಒಪ್ಪುತ್ತಾರೆ. ಕೇಳಲು ನಾಚಿಕೆ ಬೇಡ.

ವರದಿ ಓದುವುದು

ಬ್ಯಾಂಕಿನಿಂದ ಬಂದ ಮೇಲೆ ನಾನು ಮೊದಲು ಮಾಡಿದ್ದು ದೊಡ್ಡ ತಪ್ಪು. ಹಠ ಬಂದು, ಎರಡೇ ವಾರದಲ್ಲಿ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಿದೆ. ಯಾರಾದರೂ ಒಬ್ಬರು ಕೊಡುತ್ತಾರೆ ಅನ್ನುವ ಆಸೆ. ಪ್ರತಿ ಅರ್ಜಿಯೂ ವರದಿಯಲ್ಲಿ ದಾಖಲಾಗುತ್ತದೆ. ಇವಳು ಸಾಲಕ್ಕೆ ಅಲೆಯುತ್ತಿದ್ದಾಳೆ ಅಂತ ಅದನ್ನು ಓದುತ್ತಾರೆ. ಸ್ಕೋರ್ ಇನ್ನೂ ಇಳಿಯಿತು. ನಾವೇ ನಮ್ಮ ವರದಿ ತೆಗೆದು ನೋಡಿದರೆ ಇಳಿಯುವುದಿಲ್ಲ. ನಾನು ಇದನ್ನು ಉಲ್ಟಾ ತಿಳಿದುಕೊಂಡಿದ್ದೆ. ನೋಡಿದರೆ ಕಡಿಮೆ ಆಗುತ್ತದೆ ಅಂತ ಯಾರೋ ಹೇಳಿದ್ದರು, ನೋಡದೇ ಇರಲು ಅದೊಂದು ನೆಪವಾಗಿತ್ತು.

ನಮ್ಮಲ್ಲಿ ಎಲ್ಲದಕ್ಕೂ ಸಿಬಿಲ್ ಅಂತಲೇ ಹೇಳುತ್ತೇವೆ. ನಿಜಕ್ಕೂ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈ ಮಾರ್ಕ್. 2017ರಿಂದ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಬಿಟ್ಟಿ ಕೊಡಲೇಬೇಕು. ಸ್ಕೋರ್ 300ರಿಂದ 900ರ ತನಕ. 750 ದಾಟಿದರೆ ಬ್ಯಾಂಕಿನವರು ಮುಖ ಅರಳಿಸಿ ಮಾತಾಡುತ್ತಾರೆ. ಮಗಳು ರಜೆಗೆ ಬಂದಾಗ ನಾಲ್ಕನ್ನೂ ಡೌನ್‌ಲೋಡ್ ಮಾಡಿಸಿ, ಗಿಬ್ ಸರ್ಕಲ್ ಹತ್ತಿರ ಪ್ರಿಂಟ್ ತೆಗೆಸಿ, ಕಟಿಂಗ್ ಟೇಬಲ್ ಮೇಲೆ ಹರಡಿಕೊಂಡು ಕೂತೆವು. ಬಟ್ಟೆಗೆ ಗುರುತು ಹಾಕುವ ಬಳಪವೇ ಕೈಗೆ ಸಿಕ್ಕಿದ್ದು. ಅದರಲ್ಲೇ ಗೊತ್ತಾಗದ ಕಡೆಯೆಲ್ಲ ಗುರುತು ಮಾಡಿದೆ.

ನಾನು ಹದಿನಾಲ್ಕು ವರ್ಷದಿಂದ ಮಹಿಳಾ ಸಂಘದಲ್ಲಿ ಒಂದು ವಾರವೂ ಬಿಡದೆ ಉಳಿತಾಯ ಕಟ್ಟಿದ್ದೇನೆ. ಅದು ಅಲ್ಲಿ ಇಲ್ಲ. ಇರುವುದೂ ಇಲ್ಲ. ಉಳಿತಾಯ ಖಾತೆ, ಎಫ್‌ಡಿ, ಆದಾಯ, ಯಾವುದೂ ಸ್ಕೋರಿಗೆ ಲೆಕ್ಕಕ್ಕಿಲ್ಲ. ಸಾಲ ತೆಗೆದು ಹೇಗೆ ತೀರಿಸಿದೆ ಅನ್ನುವುದಷ್ಟೇ ಲೆಕ್ಕ. ಇದು ಮೊದಲು ಅನ್ಯಾಯ ಅನಿಸಿತು. ಆಮೇಲೆ, ವಿಚಿತ್ರ ಅನಿಸಬಹುದು, ಸ್ವಲ್ಪ ಹಗುರವೂ ಆಯಿತು. ಹಾಗಾದರೆ ಆ 558 ನನ್ನ ಇಡೀ ಬದುಕಿನ ಮಾರ್ಕ್ಸ್ ಅಲ್ಲ ಅಲ್ವಾ ಅಂತ.

ಬಳಪದ ಗುರುತುಗಳ ನಡುವೆ ಒಂದು ನಿಜವಾದ ತಪ್ಪು ಸಿಕ್ಕಿತು. 2018ರಲ್ಲಿ ಕಂತಿನ ಮೇಲೆ ತಗೊಂಡ ಫ್ರಿಜ್. ಮುಂದಿನ ವರ್ಷವೇ ಪೂರ್ತಿ ತೀರಿಸಿದ್ದೆ. ವರದಿಯಲ್ಲಿ ಅದು ಇನ್ನೂ ತೆರೆದ ಸಾಲ, ಮೇಲೆ 1,180 ರೂಪಾಯಿ ಬಾಕಿ. ಆನ್‌ಲೈನಿನಲ್ಲೇ ತಕರಾರು ಹಾಕಿ, ಹಳೆಯ ರಸೀದಿಯ ಫೋಟೋ ಕಳಿಸಿದೆವು. 22 ದಿನಕ್ಕೆ ಸರಿಯಾಯಿತು, ಸ್ಕೋರ್ 581 ಆಯಿತು. ಇಂಥ ತಕರಾರನ್ನು 30 ದಿನದ ಒಳಗೆ ಬಗೆಹರಿಸಬೇಕು. 2024ರ ಏಪ್ರಿಲ್ ಕೊನೆಯಿಂದ, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವೂ ಬಂದಿದೆ. ರಸೀದಿ ಇಟ್ಟುಕೊಂಡವರು ಬದುಕಿಕೊಳ್ಳುತ್ತಾರೆ.

ಅದೇ ಹೊತ್ತಿಗೆ ಒಬ್ಬರು ಸಿಕ್ಕಿದ್ದರು. ಐದು ಸಾವಿರ ಕೊಡಿ, ಸೆಟ್ಲ್ಡ್ ಅನ್ನುವುದನ್ನು ಅಳಿಸಿ ಕೊಡುತ್ತೇನೆ ಅಂದರು. ಕೊಡಲು ನಾನು ತಯಾರಿದ್ದೆ. ತಡೆದದ್ದು ಮಗಳು. ಸಾಲ ಕೊಟ್ಟವರು ಬದಲಾಯಿಸಿ ಕಳಿಸದ ಹೊರತು ಆ ಮಾತನ್ನು ಯಾರೂ ಅಳಿಸಲಾರರು. ತಪ್ಪಿದ್ದರೆ ತಿದ್ದಿಸಬಹುದು, ಅದೂ ಬಿಟ್ಟಿ. ನಿಜ ಇದ್ದರೆ ಅದು ಅಲ್ಲೇ ಇರುತ್ತದೆ.

ಮತ್ತೆ ಶುರು ಮಾಡಲು ಒಂದು ಸಣ್ಣ ದಾರಿ ಇತ್ತು. 30,000 ರೂಪಾಯಿ ಎಫ್‌ಡಿ ಇಟ್ಟು, ಅದರ ಮೇಲೆ ಕ್ರೆಡಿಟ್ ಕಾರ್ಡ್ ತಗೊಂಡೆ. ಎಫ್‌ಡಿಯೇ ಆಧಾರ, ಹಾಗಾಗಿ ಸ್ಕೋರ್ ಕಡಿಮೆ ಇದ್ದವರಿಗೂ ಕೊಡುತ್ತಾರೆ. 27,000 ಮಿತಿ. ನಾನು ಬಳಸುವುದು ಐದಾರು ಸಾವಿರ. ನೂಲು, ಗುಂಡಿ, ಕ್ಯಾನ್ವಾಸ್, ಝಿಪ್ಪು ಮಾತ್ರ. ಮಿತಿಯ ಮೂರನೇ ಒಂದು ಭಾಗ ದಾಟದಿದ್ದರೆ ಒಳ್ಳೆಯದು ಅನ್ನುತ್ತಾರೆ. ಬಿಲ್ ಬಂದ ದಿನವೇ ಪೂರ್ತಿ ಕಟ್ಟುತ್ತೇನೆ. ಅಲ್ಲಿ ‘ಮಿನಿಮಮ್ ಡ್ಯೂ’ ಅಂತ ಒಂದು ಸಣ್ಣ ಸಂಖ್ಯೆ ಕಾಣುತ್ತದೆ. ಅದನ್ನಷ್ಟೇ ಕಟ್ಟಿ ಉಳಿದದ್ದಕ್ಕೆ ಬಡ್ಡಿ ಏರಿಸಿಕೊಂಡವರನ್ನು ನಾನು ನೋಡಿದ್ದೇನೆ. ಆ ಸಾಲಿನ ಮೇಲೆ ನಾನು ಕಣ್ಣೇ ಹಾಕುವುದಿಲ್ಲ.

ಉತ್ತರದ ಕಡೆ ಮಾಡು

2024ರ ಜನವರಿ. ಅಣ್ಣನ ಮನೆಯಲ್ಲಿ ಅಡಿಕೆ ಸುಲಿಯುವ ಕಾಲ. ಪ್ರತಿ ವರ್ಷ ಎರಡು ದಿನ ಹೋಗಿ ಕೈ ಜೋಡಿಸುವುದು ನನ್ನ ರೂಢಿ. ಕುಮಟಾದಿಂದ ಬೆಳಗಿನ ಬಸ್ಸು ಹಿಡಿದು, ದೇವಿಮನೆ ಘಟ್ಟ ಹತ್ತಿ, ರಾಗಿಹೊಸಳ್ಳಿ ದಾಟಿ ಇಳಿದು, ಒಳದಾರಿಯಲ್ಲಿ ನಡೆದರೆ ತವರು. ಅಂಗಳಕ್ಕೆ ಕಾಲಿಡುವಾಗ ಉತ್ತರದ ಕಡೆ ಮಾಡಿನ ಮೇಲೆ ನೀಲಿ ತಾಡಪಾಲು ಕಾಣುತ್ತಿತ್ತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಗಾಳಿಗೆ ಹಲಸಿನ ಕೊಂಬೆ ಬಿದ್ದು ಹಂಚು, ರೀಪು, ಎರಡು ಪಕಾಸು ಹೋಗಿದ್ದವು. ಆವಾಗ ಹೊದಿಸಿದ್ದು. ಬಿಸಿಲಿಗೆ ಬಣ್ಣ ಹೋಗಿ, ಅಂಚು ಚಿಂದಿಯಾಗಿ, ಕಲ್ಲು ಕಟ್ಟಿ ಇಳಿಬಿಟ್ಟ ಹಗ್ಗ ಕೂಡ ಬದಲಾಗಿತ್ತು. ಮೂರು ಮಳೆಗಾಲ. ಪ್ರತಿ ಸಲ ಬಂದಾಗಲೂ ನಾನು ಅದನ್ನು ನೋಡಿದ್ದೆ. ಅಣ್ಣನಿಗೆ ಪುರುಸೊತ್ತಾಗಿಲ್ಲ ಅಂದುಕೊಂಡು ಒಳಗೆ ಹೋಗುತ್ತಿದ್ದೆ.

ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದೆವು. ನಾನು ಸಿಬಿಲ್ ಕಥೆ ಹೇಳುತ್ತಿದ್ದೆ. ಸೆಟ್ಲ್ಡ್ ಅಂದರೆ ಏನು, ಕ್ಲೋಸ್ಡ್ ಅಂದರೆ ಏನು ಅಂತ, ಹೊಸದಾಗಿ ಕಲಿತವರ ಉಮೇದಿನಲ್ಲಿ. ಅಣ್ಣ ಏನೂ ಮಾತಾಡದೆ ಎದ್ದು ಬೇಯಿಸುವ ಹಂಡೆ ನೋಡಲು ಹೋದ. ಅತ್ತಿಗೆ ಕತ್ತಿ ನಿಲ್ಲಿಸಿದಳು. “ನಿಂಗೆ ಹೇಳ್ಬೇಡ ಅಂದಿದ್ರು. ಈಗ ನೀನೇ ಮಾತು ತೆಗ್ದೆ. ಮಾಡು ರಿಪೇರಿಗೆ ಎರಡು ಸಲ ಬ್ಯಾಂಕಿಗೆ ಹೋದ್ರು. ಎರಡು ಸಲವೂ ಆಗಲಿಲ್ಲ. ಜಾಮೀನು ಹಾಕಿದ್ದ ಸಾಲ ಇವರ ಹೆಸರಲ್ಲೂ ಕಾಣ್ತದಂತೆ.”

ಜಾಮೀನು ಹಾಕಿದ ಸಾಲ ಜಾಮೀನುದಾರರ ವರದಿಯಲ್ಲೂ ಬರುತ್ತದೆ. ಅದು ನಾನು ಕಟಿಂಗ್ ಟೇಬಲ್ ಮೇಲೆ ಹರಡಿ ಓದಿದ ಕಾಗದಗಳಲ್ಲಿ ಇರಲಿಲ್ಲ. ಇರಲು ಹೇಗೆ ಸಾಧ್ಯ, ಅವು ನನ್ನ ವರದಿಗಳು. ಅಣ್ಣನ ವರದಿಯನ್ನು ನಾನು ಯಾಕೆ ಕೇಳಿ ನೋಡಲಿಲ್ಲ? ಅವನಿಗೆ ಸೊಸೈಟಿಯಲ್ಲಿ ಬೆಳೆಸಾಲ ಬಿಟ್ಟರೆ ಬೇರೆ ಸಾಲ ಇರಲಿಲ್ಲ. ಅದನ್ನು ವರ್ಷ ವರ್ಷ ತೀರಿಸುವ ಮನುಷ್ಯ. ನನ್ನ ಆ ಒಂದು ಸಹಿಯ ಕಾಗದ ಘಟ್ಟ ಹತ್ತಿ ಬಂದು ಅವನ ಮನೆಯ ಮಾಡಿನ ಮೇಲೆ ಕೂತಿತ್ತು. ವಸೂಲಿಯವರ ಫೋನ್ ಅವನಿಗೂ ಹೋಗುತ್ತಿತ್ತು ಅಂತಲೂ ಅವತ್ತೇ ತಿಳಿಯಿತು.

ಅಣ್ಣ ವಾಪಸ್ ಬಂದು ಕೂತ. ಅವನಿಗೆ ಗೊತ್ತಾಯಿತು. ನಾನು ಕೇಳಿದೆ, “ಎಂತಕ್ಕೆ ಹೇಳಲಿಲ್ಲ ಅಣ್ಣ?”

“ಹೇಳಿದ್ರೆ ನೀ ಎಂತ ಮಾಡ್ತಿದ್ದೆ? ಅಳ್ತಿದ್ದೆ. ಮಳೆ ಒಳಗೆ ಬೀಳ್ತಾ ಇಲ್ವಲ್ಲನೇ. ಸುಮ್ನೆ ಸುಲಿ.”

ಅಷ್ಟೇ ಮಾತು. ಅವನು ಎರಡು ಗೋಟಡಿಕೆ ಬದಿಗೆ ಹಾಕಿದ, ಮುಂದಿನ ಗೊನೆ ಎಳೆದುಕೊಂಡ. ನಾನು ಸುಲಿದೆ. ಬೆಳಗಿನ ಜಾವದ ತನಕ ಹಂಡೆಯ ಒಲೆ ಉರಿಯುತ್ತಿತ್ತು. ಒಳಗೆ ಮಲಗಲು ಹೋದರೆ ಉತ್ತರದ ಕೋಣೆ. ಗಾಳಿ ಬೀಸಿದಾಗೆಲ್ಲ ಮೇಲೆ ತಾಡಪಾಲು ಪಟಪಟ ಅನ್ನುತ್ತಿತ್ತು.

ಕಟ್ಟಬೇಕಾಗಿಲ್ಲದ ಒಂದು ಲಕ್ಷ

ಕಾನೂನಿನ ಪ್ರಕಾರ ನಾನು ಇನ್ನು ಒಂದು ರೂಪಾಯಿಯನ್ನೂ ಕಟ್ಟಬೇಕಾಗಿರಲಿಲ್ಲ. ಸೆಟ್ಲ್‌ಮೆಂಟ್ ಪತ್ರ ಕೈಯಲ್ಲಿತ್ತು. ಗೊತ್ತಿದ್ದವರು ಕೆಲವರು, ಬಿಟ್ಟುಬಿಡಿ, ನಾಲ್ಕೈದು ವರ್ಷ ಹೋದರೆ ತಂತಾನೇ ಹಳತಾಗುತ್ತದೆ ಅಂದರು. ಅದರಲ್ಲಿ ಸುಳ್ಳಿಲ್ಲ. ಹಳೆಯ ತಪ್ಪಿಗಿಂತ ಹತ್ತಿರದ ತಪ್ಪಿನ ತೂಕ ಜಾಸ್ತಿ. ಆದರೆ ಈ ಕಂಪನಿಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತವೆ. ನಾನು ಕಾಯಬಹುದಿತ್ತು. ಆ ಮಾಡು ಕಾಯುವ ಹಾಗಿರಲಿಲ್ಲ.

ಫೈನಾನ್ಸ್ ಕಂಪನಿಗೆ ಪತ್ರ ಬರೆದೆ. ಬಿಟ್ಟುಕೊಟ್ಟಿದ್ದನ್ನು ಕಟ್ಟಿದರೆ ಸಾಲವನ್ನು ಕ್ಲೋಸ್ಡ್ ಎಂದು ಕಳಿಸುತ್ತೀರಾ ಅಂತ. ಮೂರು ಪತ್ರಕ್ಕೆ ಉತ್ತರ ಇಲ್ಲ. ನಾಲ್ಕನೆಯದಕ್ಕೆ ಬಂತು. ಬಡ್ಡಿ, ದಂಡ ಬೇಡ, ಅಸಲಿನಲ್ಲಿ ಉಳಿದಿದ್ದ 1,01,000 ಕಟ್ಟಿ ಅಂದರು. ಎಲ್ಲ ಕಂಪನಿಗಳೂ ಹೀಗೆ ಒಪ್ಪುತ್ತವೆ ಅಂತ ಹೇಳಲಾರೆ, ಒಪ್ಪಲೇಬೇಕು ಅಂತಲೂ ಇಲ್ಲ. ಈ ಸಲ ನಾನು ಕಲಿತಿದ್ದೆ. ದುಡ್ಡು ಕಟ್ಟುವ ಮೊದಲೇ ಬರವಣಿಗೆಯಲ್ಲಿ ತರಿಸಿಕೊಂಡೆ: ನೋ ಡ್ಯೂ ಸರ್ಟಿಫಿಕೇಟ್ ಕೊಡುತ್ತೇವೆ, ನಾಲ್ಕೂ ಕಂಪನಿಗಳಿಗೆ ಕ್ಲೋಸ್ಡ್ ಎಂದು ತಿಳಿಸುತ್ತೇವೆ, ಜಾಮೀನುದಾರರ ಹೆಸರಿನಲ್ಲೂ ಅದು ಬದಲಾಗುತ್ತದೆ.

ಆ ಒಂದು ಲಕ್ಷ ಹೊಲಿಗೆಯಿಂದಲೇ ಬಂತು. ಗೋಕರ್ಣದ ಹೋಮ್‌ಸ್ಟೇಗಳಿಗೆ ಪರದೆ, ದಿಂಬಿನ ಕವರ್, ಹಾಸಿಗೆ ಹೊದಿಕೆ ಹೊಲಿದೆ. ಆ ಹಳೆಯ ನೀಲಿ ಚೌಕಳಿಯಲ್ಲಿ ಉಳಿದಿದ್ದನ್ನು ಕೈಚೀಲ ಮಾಡಿ ಮಾರಿದೆ. ಮೇ ತಿಂಗಳು ರಾತ್ರಿ ಹನ್ನೊಂದರ ತನಕ ಮಿಷನ್ ಓಡುತ್ತಿತ್ತು. ಮನೆಯವರು ಅಂಗಡಿಯಿಂದ ಬಂದು ಕಾಜಾಕ್ಕೆ ಗುರುತು ಹಾಕಿ ಕೊಡುತ್ತಿದ್ದರು. 2024ರ ಜೂನ್ ಕೊನೆಯ ವಾರ ಕಟ್ಟಿ ಮುಗಿಸಿದೆ. ಸರ್ಟಿಫಿಕೇಟ್ ಬಂದ ದಿನ ದೀಪ ಹಚ್ಚಲಿಲ್ಲ. ವರದಿಯಲ್ಲಿ ಬರಲಿ ಅಂತ ಕಾದೆ. ಆಗಸ್ಟ್ ಕೊನೆಗೆ ಬಂತು. ಅಣ್ಣನ ಮೊಬೈಲಿನಲ್ಲೂ ತೆಗೆಸಿ ನೋಡಿದೆ. ತಡವಾದ ದಿನಗಳ ಆ ಚೌಕಗಳು ಹಾಗೇ ಇವೆ. ಮೇಲಿನ ಮಾತು ಬದಲಾಗಿದೆ.

ಸ್ಕೋರ್ ಒಂದೇ ಸಲ ಏರಲಿಲ್ಲ. 2024ರ ಡಿಸೆಂಬರಿಗೆ 668. 2025ರ ಜನವರಿಯಿಂದ ಸಾಲ ಕೊಟ್ಟವರು 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಅಂತ ಆಯಿತು, ಹಾಗಾಗಿ ಕಟ್ಟಿದ್ದು ಬೇಗ ಕಾಣುತ್ತದೆ, ತಪ್ಪಿದ್ದೂ ಬೇಗ ಕಾಣುತ್ತದೆ. ಅಕ್ಟೋಬರಿನಲ್ಲಿ ನೋಡಿದಾಗ 726 ಇತ್ತು.

ಅಣ್ಣನ ಸಾಲ ಅದಕ್ಕೂ ಮೊದಲೇ ಆಗಿತ್ತು. 2025ರ ಏಪ್ರಿಲ್‌ನಲ್ಲಿ ಹಂಚು ಇಳಿಸಿ, ಪಕಾಸು, ರೀಪು ಹೊಸದು ಹಾಕಿಸಿದ. ನಾನು ಹೋದ ದಿನ ಕೆಲಸದವರು ತಾಡಪಾಲು ಬಿಚ್ಚಿ ಅಂಗಳದಲ್ಲಿ ಹಾಕಿದ್ದರು. ಅದರ ಕೆಳಗೆ ನಾಲ್ಕು ವರ್ಷದ ಹಲಸಿನ ಎಲೆ ಕೊಳೆತು ಮಣ್ಣಾಗಿತ್ತು. ಅತ್ತಿಗೆ ಅದನ್ನು ಗುಡಿಸಿ ಸೇವಂತಿಗೆ ಗಿಡದ ಬುಡಕ್ಕೆ ಹಾಕಿದಳು.

ಈಗ ನಾನು ಕಾಜಾ ಮಿಷನ್ನಿಗೆ 1,50,000 ಮುದ್ರಾ ಸಾಲಕ್ಕೆ ಅರ್ಜಿ ಹಾಕಿದ್ದೇನೆ. ಅದೇ ಬ್ಯಾಂಕು. ಆ ಹುಡುಗಿಗೆ ಬೇರೆ ಊರಿಗೆ ವರ್ಗ ಆಗಿದೆಯಂತೆ. ಅವಳಿಗೆ ತೋರಿಸಬೇಕಿತ್ತು ಅನಿಸಿತು. ಸುದ್ದಿ ಗೊತ್ತಾಗಿ ಮೊನ್ನೆ ರಾತ್ರಿ ಅಣ್ಣ ಫೋನ್ ಮಾಡಿದ. “ಸೈನಿಗೆ ಯಾವತ್ತು ಬರ್ಲಿ? ಗುರುವಾರ ಆದ್ರೆ ನಂಗೆ ಅನುಕೂಲ.”

“ಈ ಸಾಲಕ್ಕೆ ಜಾಮೀನು ಬೇಡ್ವಂತೆ ಅಣ್ಣ.”

ಸ್ವಲ್ಪ ಹೊತ್ತು ಸುಮ್ಮನಿದ್ದ. “ಬೇಡ್ದೇ ಇದ್ರೂ ಬರ್ತೆ. ಊಟಕ್ಕೆ ಬಂಗಡೆ ತರ್ಸು,” ಅಂದ.